ಪಾಂಡುರಂಗನ ಮನೆಯ ಮೊದಲ ಕಾರು

ಲಂಡನ್ನಿನ ಅಂಚಿನ ಹೇಸ್‌ನ ಆ ಸಾಲುಮನೆಗಳ ಬೀದಿಯಲ್ಲಿ ಸ್ವಂತ ಕಾರಿಲ್ಲದ ಮನೆ ಎಂದರೆ ಪಾಂಡುರಂಗನದೊಂದೇ. ಹೊಟ್ಟೆಪಾಡಿಗೆ ದಿನವಿಡೀ ಗಾಡಿ ಓಡಿಸುವವನ ಮನೆಯ ಮುಂದೆ ಕಾರಿಲ್ಲವಲ್ಲ ಎಂದು ನೆಂಟರಿಷ್ಟರು ನಗುವುದುಂಟು. ಅವನೂ ಅವರ ಜೊತೆ ನಕ್ಕುಬಿಡುತ್ತಿದ್ದ. ವಾದ ಮಾಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಮನೆಯ ಮುಂದೆ ನಿಲ್ಲುತ್ತಿದ್ದುದು ಪಾರ್ಕ್ ರಾಯಲ್‌ನ ಹಿಟ್ಟಿನ ಫ್ಯಾಕ್ಟರಿಯ ಬಿಳಿ ವ್ಯಾನು. ಇಡ್ಲಿ ದೋಸೆ ಹಿಟ್ಟು ರುಬ್ಬಿ, ಡಬ್ಬಿಗೆ ತುಂಬಿ, ಲಂಡನ್ನಿನ ಉದ್ದಗಲಕ್ಕೆ ಅಂಗಡಿ ಹೋಟೆಲುಗಳಿಗೆ ಕಳಿಸುವ ಫ್ಯಾಕ್ಟರಿ ಅದು. ಕುಂದಾಪುರದ ಕಡೆಯಿಂದ ಹೋಟೆಲಿನ ಅಡುಗೆಗೆಂದು ಬಂದಿದ್ದ ಪಾಂಡುರಂಗ, ಒಲೆಯ ಮುಂದೆ ನಿಂತೂ ನಿಂತೂ ಕಾಲು ಬಾತುಕೊಂಡ ಮೇಲೆ, ಕೂತು ಮಾಡುವ ಕೆಲಸವೆಂದು ಆಸೆಪಟ್ಟು ಈ ವ್ಯಾನಿನ ಸ್ಟೀರಿಂಗ್ ಹಿಡಿದ. ಕೂತು ಮಾಡುವ ಕೆಲಸವೂ ಮೈ ಮುರಿಯುತ್ತದೆ ಎಂದು ತಿಳಿಯುವ ಹೊತ್ತಿಗೆ ಮಗಳು ಹೈಸ್ಕೂಲಿಗೆ ಬಂದಿದ್ದಳು, ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಹೆಂಡತಿ ಸುಗಂಧಿಗೆ ಹೀತ್ರೋ ವಿಮಾನ ನಿಲ್ದಾಣದ ಪಕ್ಕದ ಅಡುಗೆಮನೆಯಲ್ಲಿ ಕೆಲಸ. ವಿಮಾನದಲ್ಲಿ ಕೂತವರ ಮುಂದೆ ಬಂದು ಕೂರುವ ಊಟದ ತಟ್ಟೆಗಳನ್ನು ಜೋಡಿಸುವುದು ಅವಳ ಪಾಳಿ. ಊರೆಲ್ಲ ಮಲಗಿರುವಾಗ ಶುರುವಾಗುವ ಪಾಳಿ ಅದು. ಆ ಹೊತ್ತಿಗೆ ಅಲ್ಲಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಎರಡು ಕಡೆ ಇಳಿದು ಹತ್ತಿ, ಕೊನೆಗೆ ರನ್‌ವೇ ಬೇಲಿಯ ಪಕ್ಕ ಒಂಟಿಯಾಗಿ ನಡೆಯಬೇಕು. ಒಂದು ಚಳಿಗಾಲ ಹಾಗೆ ಹೋಗಿ ನೋಡಿದಳು, ಪಾಂಡುರಂಗನಿಗೆ ಮನಸ್ಸು ತಡೆಯಲಿಲ್ಲ. ಅಂದಿನಿಂದ ಅವಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬಿಟ್ಟು, ಅಲ್ಲಿಂದ ಪಾರ್ಕ್ ರಾಯಲ್‌ಗೆ ಹೋಗಿ ಹಿಟ್ಟು ತುಂಬಿಕೊಳ್ಳುವುದು ರೂಢಿಯಾಯಿತು. ಆಮೇಲೆ ಹ್ಯಾರೋ, ಈಸ್ಟ್ ಹ್ಯಾಮ್, ಕ್ರಾಯ್ಡನ್, ಸಟನ್. ಹಿಟ್ಟು ಯಾರಿಗೂ ಕಾಯುವುದಿಲ್ಲ. ಬಿಸಿಲು ಏರಿತೋ, ಡಬ್ಬಿಯ ಮುಚ್ಚಳ ಎಬ್ಬಿಸಿ ಹೊರಗೆ ಬರುತ್ತದೆ. ಮಧ್ಯಾಹ್ನ ಸುಗಂಧಿಯನ್ನು ಕರೆತಂದು, ಎರಡು ತುತ್ತು ತಿಂದು, ಕಣ್ಣು ಮುಚ್ಚಿದಂತೆ ಮಾಡಿ, ಸಂಜೆ ಮತ್ತೆ ಹೋಟೆಲುಗಳ ಆರ್ಡರು. ನಿದ್ದೆ ಎನ್ನುವುದು ಪಾಂಡುರಂಗನಿಗೆ ಕಂತುಕಂತಿನಲ್ಲಿ ಸಿಗುವ ವಸ್ತುವಾಗಿತ್ತು.

ಇಷ್ಟಾದರೂ ಅವನು ದಣಿದೆ ಎಂದು ಬಾಯಿ ಬಿಟ್ಟವನಲ್ಲ. ಅವನ ಕಡೆಯ ಜನವೇ ಹಾಗೆ. ಜ್ವರ ಬಂದರೆ ಹೇಳುತ್ತಾರೆ, ಕೈ ಮುರಿದರೆ ತೋರಿಸುತ್ತಾರೆ, ಸುಸ್ತಾಯಿತು ಎಂದು ಮಾತ್ರ ಹೇಳುವುದಿಲ್ಲ. ದುಡಿಯುವವನಿಗೆ ಸುಸ್ತು ಎಂಬುದು ಸೋಮಾರಿತನದ ಇನ್ನೊಂದು ಹೆಸರು ಎಂದು ಯಾರೋ ಯಾವಾಗಲೋ ಅವರ ತಲೆಗೆ ತುಂಬಿಬಿಟ್ಟಿದ್ದಾರೆ.

ಎರಡು ಸಾವಿರದ ಹದಿನೇಳರ ಬೇಸಿಗೆಯ ಮೊದಲಿಗೆ ಹ್ಯಾಂಗರ್ ಲೇನ್ ಸಿಗ್ನಲ್‌ನಲ್ಲಿ ಒಂದು ಪ್ರಸಂಗ ನಡೆಯಿತು. ಕೆಂಪು ದೀಪಕ್ಕೆ ನಿಂತಿದ್ದ ಪಾಂಡುರಂಗ, ಹಿಂದಿನಿಂದ ಹಾರ್ನ್ ಕೇಳಿ ಕಣ್ಣು ತೆರೆದಾಗ ವ್ಯಾನು ಮುಂದಿದ್ದ ಬಸ್ಸಿನ ಬೆನ್ನಿಗೆ ಇನ್ನೇನು ತಾಗುವಷ್ಟು ಹತ್ತಿರ ಸರಿದಿತ್ತು. ಬಸ್ಸಿನ ಹಿಂದಿನ ಗಾಜಿನಲ್ಲಿ ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ಅವನನ್ನೇ ನೋಡುತ್ತಿದ್ದಳು. ಮುಂದೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮುಖ ತೊಳೆದುಕೊಂಡ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಇಂದಲ್ಲ ನಾಳೆ ಯಾರದೋ ಜೀವ ಹೋಗುತ್ತದೆ, ಇದೂ ಅವನಿಗೆ ಗೊತ್ತಿತ್ತು. ಸುಗಂಧಿಯನ್ನು ಬಿಡುವ ಬೆಳಗಿನ ಒಂದು ಸವಾರಿ ತಪ್ಪಿದರೆ ಸಾಕು, ಇನ್ನೆರಡು ಗಂಟೆ ಒಟ್ಟಿಗೆ ಮಲಗಿದರೆ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡ.

ಆ ಲೆಕ್ಕವೆಲ್ಲ ನಿಂತಿದ್ದುದು ಮಗಳು ಪ್ರೇಕ್ಷಾಳ ಮೇಲೆ. ಹತ್ತೊಂಬತ್ತರ ಹುಡುಗಿ. ಎ-ಲೆವೆಲ್ ಮುಗಿಸಿ ಯೂನಿವರ್ಸಿಟಿಗೆ ಹೋಗುತ್ತಾಳೆಂದು ಸುಗಂಧಿ ಕಾದಿದ್ದರೆ, ಇವಳು ಮನೆಯ ಹತ್ತಿರದ ಗ್ಯಾರೇಜಿಗೆ ಅಪ್ರೆಂಟಿಸ್ ಆಗಿ ಸೇರಿಕೊಂಡಳು. ಹೆಣ್ಣುಮಗಳು ಎಣ್ಣೆ ಮಸಿ ಬಳಿದುಕೊಂಡು ಬರುವುದನ್ನು ನೋಡಿ ಸುಗಂಧಿ ಒಂದು ತಿಂಗಳು ಮುಖ ಊದಿಸಿಕೊಂಡಿದ್ದಳು, ಆಮೇಲೆ ಉಗುರಿನ ಮಸಿ ಹೋಗಲು ತೆಂಗಿನೆಣ್ಣೆಯನ್ನು ತಾನೇ ಕಾಯಿಸಿ ಕೊಡತೊಡಗಿದಳು. ಪ್ರೇಕ್ಷಾಳ ಹತ್ತಿರ ಲೈಸೆನ್ಸ್ ಇತ್ತು, ಕಾರಿರಲಿಲ್ಲ. ತಾನು ದುಡಿದು ಕಾರು ತೆಗೆದುಕೊಂಡ ದಿನದಿಂದ ಅಮ್ಮನನ್ನು ಕೆಲಸಕ್ಕೆ ಬಿಡುವುದು ತನ್ನ ಪಾಲಿನ ಕೆಲಸ ಎಂದು ಸ್ಕೂಲಿನಲ್ಲಿದ್ದಾಗಲೇ ಹೇಳಿದ್ದಳು. ಅವಳು ಅದನ್ನು ಆಟಕ್ಕೆ ಹೇಳಿದ್ದಿರಬಹುದು, ಪಾಂಡುರಂಗ ಅದನ್ನು ಕಂಠಪಾಠ ಮಾಡಿಟ್ಟುಕೊಂಡಿದ್ದ.

ಅಕ್ಸ್‌ಬ್ರಿಜ್ ರಸ್ತೆಯ ಪಕ್ಕ ಮಾರಾಟಕ್ಕೆ ನಿಂತಿದ್ದ ಬೆಳ್ಳಿ ಬಣ್ಣದ ಸಣ್ಣ ಮೈಕ್ರಾ ಕಾರೊಂದನ್ನು ಅವನು ಹೋಗುತ್ತ ಬರುತ್ತ ನೋಡುತ್ತಿದ್ದ. ಯಾರೋ ಮುದುಕಿ ಓಡಿಸಿದ್ದ ಕಾರಂತೆ, ಮೈಮೇಲೆ ಗೀರಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಮಗಳ ಮುಂದೆ ಮಾತು ತೆಗೆದ.

"ಆ ರೋಡಂಗೆ ಒಂದ್ ಸಣ್ಣ ಕಾರ್ ಇತ್ ಹೆಣೆ. ಪಾಪದ್ ಗಾಡಿ. ಒಂದ್ಸಲ ಕಂಡ್ಕಂಡ್ ಬಪ್ಪನಾ?"

"ಮೈಕ್ರಾ ನೋಡಿದೆ ಅಪ್ಪಯ್ಯ," ಎಂದಳು ಪ್ರೇಕ್ಷಾ. ಮುಂದಿನದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ತಾನೂ ಒಂದು ಕಾರು ನೋಡಿಟ್ಟಿದ್ದೇನೆ, ಭಾನುವಾರ ಇಬ್ಬರೂ ಗ್ಯಾರೇಜಿಗೆ ಬನ್ನಿ, ತೋರಿಸುತ್ತೇನೆ ಎಂದು.

ಭಾನುವಾರ ಗಂಡ ಹೆಂಡತಿ ಹೋದರು. ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಪ್ರೇಕ್ಷಾ ಟಾರ್ಪಾಲು ಎಳೆದಾಗ ಕಂಡದ್ದು ಒಂದು ಹಳೆಯ ಮಸ್ಟಾಂಗ್. ಪಾಂಡುರಂಗ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ ಕಾಲಕ್ಕೆ ಅಮೆರಿಕದಲ್ಲಿ ತಯಾರಾದ ಕಾರು. ಉದ್ದನೆಯ ಮೂತಿ, ಕಡುನೀಲಿ ಬಣ್ಣ, ಸ್ಟೀರಿಂಗ್ ಎಡಗಡೆ, ಒಳಗೆ ಎಂಟು ಸಿಲಿಂಡರಿನ ಎಂಜಿನ್. ಯಾರೋ ತಂದು ಬಿಟ್ಟು, ಮತ್ತೆ ಇತ್ತ ತಲೆ ಹಾಕಿರಲಿಲ್ಲವಂತೆ. ಇಡೀ ವರ್ಷ ತನ್ನ ರಜೆಯ ದಿನಗಳಲ್ಲೆಲ್ಲ ಪ್ರೇಕ್ಷಾ ಅದರ ಎಂಜಿನ್ ಬಿಚ್ಚಿ, ಉಜ್ಜಿ, ಜೋಡಿಸಿದ್ದಳು. ಆ ಕೆಲಸಕ್ಕೆ ಬದಲಾಗಿ ಗ್ಯಾರೇಜಿನ ಯಜಮಾನ ಕಾರನ್ನು ಅವಳಿಗೇ ಕೊಡಲು ಒಪ್ಪಿದ್ದ. ಅವಳು ಕೀ ತಿರುಗಿಸಿದಳು. ಶೆಡ್ಡಿನ ತಗಡೆಲ್ಲ ನಡುಗಿತು. ಸುಗಂಧಿ ಎರಡು ಹೆಜ್ಜೆ ಹಿಂದೆ ಸರಿದು ಗಂಡನ ತೋಳು ಹಿಡಿದುಕೊಂಡಳು.

"ಇದ್ರಗೆ ನನ್ನ್ ಕೆಲಸಕ್ಕ್ ಬಿಡ್ತ್ಯಾ ನೀನ್? ಊರಿಡೀ ಎದ್ದ್ ಕೂಕಂತ್ ಅಲ್ದಾ," ಎಂದಳು.

ಪ್ರೇಕ್ಷಾಳ ಮುಖ ಸ್ವಲ್ಪ ಬಾಡಿತು. ಅದೊಂದು ತೊಂದರೆ ಇದೆ ಎಂದಳು. ಇಷ್ಟು ಹಳೆಯ ಕಾರಿಗೆ, ಇಷ್ಟು ಸಣ್ಣ ವಯಸ್ಸಿನವಳಿಗೆ ಇನ್ಶೂರೆನ್ಸ್ ಕೊಡುವವರೇ ಇಲ್ಲ. ಹುಡುಕಿ ಹುಡುಕಿ ಸಿಕ್ಕ ಒಂದು ಕಂಪನಿಯವರು, ರಜೆಯ ದಿನದ ತಿರುಗಾಟಕ್ಕಷ್ಟೇ, ಕೆಲಸಕ್ಕೆ ಹೋಗಿಬರುವುದಕ್ಕೆ ಬಳಸಕೂಡದು ಎಂದು ಷರತ್ತು ಹಾಕಿದ್ದಾರೆ. "ಒಂದೆರಡು ವರ್ಷ ಅಷ್ಟೇ ಅಪ್ಪಯ್ಯ. ಆಮೇಲೆ ಇನ್ನೊಂದು ಸಣ್ಣ ಕಾರೂ ತಗೊಳ್ತೇನೆ. ಅಲ್ಲಿವರೆಗೆ ನೀವು ಅಮ್ಮನ ಬಿಡ್ಬಹುದಲ್ಲ? ಈಗ್ಲೂ ನೀವೇ ಬಿಡೋದಲ್ವಾ?"

ಒಂದೆರಡು ವರ್ಷ. ಪಾಂಡುರಂಗನಿಗೆ ಅಲ್ಲೇ ಟೈರಿನ ರಾಶಿಯ ಮೇಲೆ ಕೂತುಬಿಡೋಣ ಎನಿಸಿತು. ಅವನಿಗೆ ಒಂದೆರಡು ವಾರವೇ ದೂರದ ಮಾತಾಗಿತ್ತು. ಬೇಡ ಮಗಾ, ನನ್ನ ಕೈಲಿ ಆಗುತ್ತಿಲ್ಲ ಎನ್ನಲು ಹೊರಟ. ತಲೆ ಎತ್ತಿ ನೋಡಿದರೆ ಮಗಳು ಬಾನೆಟ್ಟಿನ ಅಂಚನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದಳು. ಇವನು ಏನು ಹೇಳುತ್ತಾನೋ ಎಂದು ಓರೆಗಣ್ಣಲ್ಲಿ ನೋಡುತ್ತ, ನೋಡದವಳಂತೆ ಒರೆಸುತ್ತಿದ್ದಳು.

"ಲಾಯ್ಕಿತ್," ಎಂದ ಪಾಂಡುರಂಗ. "ನಾನ್ ಬಿಡ್ತೆ ಅಮ್ಮನ್ನ. ಅದೆಂತ ದೊಡ್ಡ ಕೆಲಸ."

ಮನೆಗೆ ಬಂದ ಮೇಲೆ ಸುಗಂಧಿ ಸುಮ್ಮನಿರಲಿಲ್ಲ. ಪಾತ್ರೆ ತೊಳೆಯುತ್ತ ಒಂದೊಂದು ಪಾತ್ರೆಗೂ ಒಂದೊಂದು ಮಾತು ಕುಕ್ಕಿದಳು. "ನೀವೊಂದ್ ಮಾತ್ ಹೇಳ್ರೆ ಅವ್ಳ್ ಕೇಂತಿದ್ಲ್. ಹೇಳುಕೆ ಎಂತ ಆಯ್ತ್ ನಿಮ್ಗೆ? ಆ ರಕ್ಕಸನ್ ಕಾರ್ ತಕಂಡ್ ಎಂತ ಮಾಡೂದ್ ನಾವ್?"

"ಅವ್ಳ್ ದುಡ್ದ್ ಮಾಡ್ಕಂಡದ್. ಬಿಡ್," ಎಂದು ಪಾಂಡುರಂಗ ಸೋಫಾದ ಮೇಲೆ ಕಾಲು ಚಾಚಿದ. ಹೆಂಡತಿ ಮುಂದಿನ ಮಾತು ಹುಡುಕುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಬೇಜವಾಬ್ದಾರಿ ಮನುಷ್ಯ ಎಂದು ಅವಳು ಗೊಣಗಿಕೊಂಡಳು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದವರಿಗೂ ಒಬ್ಬರ ಗೊರಕೆಯಲ್ಲಿ ಏನಿದೆ ಎಂದು ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ಕಾರು ಮನೆಗೆ ಬರುವುದು ಗಣೇಶ ಚೌತಿ ಕಳೆದ ಭಾನುವಾರ ಎಂದು ನಿಶ್ಚಯವಾಯಿತು. ಎಷ್ಟು ಬೈದುಕೊಂಡರೂ ಮನೆಗೆ ಬರುವ ಮೊದಲ ಗಾಡಿ, ಪೂಜೆಯಿಲ್ಲದೆ ರಸ್ತೆಗಿಳಿಸಲು ಸುಗಂಧಿ ಒಪ್ಪಲಿಲ್ಲ. ಪುರೋಹಿತರಿಗೆ ಹೇಳಿದಳು. ಅವರು ವಾರದ ದಿನಗಳಲ್ಲಿ ಆಫೀಸಿನ ಅಕೌಂಟೆಂಟು, ಶನಿವಾರ ಭಾನುವಾರ ಪುರೋಹಿತರು. ಹಿಟ್ಟಿನ ಫ್ಯಾಕ್ಟರಿಯ ಯಜಮಾನರಾದ ಅಶ್ವತ್ಥನಾರಾಯಣರನ್ನೂ ಕರೆದಳು. ಬೆಂಗಳೂರಿನಿಂದ ಬಂದು ಸಾಫ್ಟ್‌ವೇರ್ ಬಿಟ್ಟು ಹಿಟ್ಟು ರುಬ್ಬಿ ಮುಂದೆ ಬಂದವರು ಅವರು. ಅನ್ನ ಕೊಡುವವರು ಬಂದು ಹರಸಿದರೆ ಒಳ್ಳೆಯದು ಎಂದು ಅವಳ ಎಣಿಕೆ.

ಚೌತಿಯ ವಾರವೆಂದರೆ ಹಿಟ್ಟಿನವರಿಗೆ ಕತ್ತು ಎತ್ತಲು ಬಿಡುವಿರುವುದಿಲ್ಲ. ದೇವಸ್ಥಾನ, ಕನ್ನಡ ಸಂಘ, ತಮಿಳರ ಹೋಟೆಲು, ಗುಜರಾತಿಗಳ ಹಾಲ್, ಎಲ್ಲ ಕಡೆಯಿಂದಲೂ ಆರ್ಡರು. ಪಾಂಡುರಂಗ ಶನಿವಾರವಿಡೀ ಓಡಿ, ಭಾನುವಾರ ಬೆಳಿಗ್ಗೆ ಎಂದಿನಂತೆ ಸುಗಂಧಿಯನ್ನು ಬಿಟ್ಟು ಕರೆತಂದು, ನಡುವೆ ಎರಡು ಸುತ್ತು ಹಿಟ್ಟನ್ನೂ ಹಾಕಿ ಬಂದು, ಸ್ನಾನ ಮಾಡಿ ಪಂಚೆ ಉಟ್ಟು ಬೀದಿಗೆ ಬಂದು ನಿಂತಾಗ ಅವನಿಗೆ ಎದುರು ಮನೆಯ ಬಾಗಿಲು ಎರಡೆರಡಾಗಿ ಕಾಣುತ್ತಿತ್ತು.

ನೀಲಿ ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ, ಮೂತಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು. ಬೀದಿಯ ಪಂಜಾಬಿ ಮಕ್ಕಳೂ ಪೋಲೆಂಡಿನ ಅಜ್ಜಿಯೂ ಬೇಲಿಗೊರಗಿ ನೋಡುತ್ತಿದ್ದರು. ಪ್ರೇಕ್ಷಾ ಚೂಡಿದಾರ ಹಾಕಿಕೊಂಡು, ಕಾರಿನಿಂದ ಕಣ್ಣು ಕೀಳದೆ ನಿಂತಿದ್ದಳು. ನಿಂಬೆಹಣ್ಣಿನ ಮೇಲೆ ಕಾರನ್ನು ಹತ್ತಿಸಿ ಮೊದಲು ಮುಂದೆ ತೆಗೆಯುವುದು ಮನೆಯ ಹಿರಿಯನೇ ಆಗಬೇಕು ಎಂದು ಸುಗಂಧಿಯ ಹಟ. ಅವಳ ತವರಿನಲ್ಲಿ ಲಾರಿಯಿಂದ ಲೂನಾದವರೆಗೆ ಯಾವ ಗಾಡಿ ಬಂದರೂ ಹಾಗೇ ನಡೆದುಬಂದಿತ್ತು.

"ನೀನೇ ತೆಗಿಯೆ," ಎಂದ ಪಾಂಡುರಂಗ ಮಗಳಿಗೆ.

"ಇಲ್ಲ ಅಪ್ಪಯ್ಯ, ನೀವೇ ಮೊದಲು," ಎಂದು ಪ್ರೇಕ್ಷಾ ಕೀ ಕೊಟ್ಟಳು. ಕೊಡುವಾಗ ಅವಳ ಮುಖ ಅರಳಿತ್ತು. ಇದಕ್ಕೆ ಕ್ಲಚ್ ಇಲ್ಲ, ಬ್ರೇಕು ಒತ್ತಿಯೇ ಇರಬೇಕು, ಕಾಲು ಎತ್ತಿದರೆ ತಾನಾಗಿ ಮುಂದೆ ಹೋಗುತ್ತದೆ, ಎಕ್ಸಿಲರೇಟರನ್ನು ಮುಟ್ಟಿದರೆ ಸಾಕು, ಒತ್ತಬೇಡಿ ಎಂದು ಕಿಟಕಿಯಲ್ಲಿ ಬಗ್ಗಿ ಹೇಳಿಕೊಟ್ಟಳು.

ಪುರೋಹಿತರು, ಗಾಡಿ ಸ್ಟಾರ್ಟ್ ಮಾಡಿ ಗೇರ್ ಹಾಕಿ ತಯಾರಾಗಿರಿ, ನಾನು ಹೇಳಿದ ಕೂಡಲೇ ಬಿಡಿ ಎಂದು ಹೇಳಿ ಮಂತ್ರ ಶುರುಮಾಡಿದರು. ವಾರವಿಡೀ ಆಫೀಸಿನಲ್ಲಿ ಬಾಯಿ ಮುಚ್ಚಿ ಕೂತವರಿಗೆ ಭಾನುವಾರ ಮಂತ್ರ ಮೊಟಕು ಮಾಡಲು ಮನಸ್ಸೇ ಬರುವುದಿಲ್ಲ. ಹಳೆಯ ಸೀಟು ಮೆತ್ತಗಿತ್ತು. ಬಿಸಿಲು ತೊಡೆಯ ಮೇಲೆ ಬಿದ್ದಿತ್ತು. ಮಗಳು ಅಷ್ಟು ಚೆನ್ನಾಗಿ ಜೋಡಿಸಿದ್ದ ಎಂಜಿನ್ ಒಂದೇ ಲಯದಲ್ಲಿ ಗುರುಗುಡುತ್ತ ಅವನ ಬೆನ್ನನ್ನು ಸವರುತ್ತಿತ್ತು. ಪಾಂಡುರಂಗ ಮಂತ್ರದ ಒಂದು ಸಾಲು ಕೇಳಿದ, ಇನ್ನೊಂದು ಸಾಲು ಕೇಳಿದ, ಮೂರನೆಯದನ್ನು ಕೇಳಲಿಲ್ಲ.

ಕಾರು ಮೆಲ್ಲಗೆ ಸರಿಯಿತು. ನಿಂಬೆಹಣ್ಣು ಪಚಕ್ಕೆಂದಿತು. ಇದೇನು ಹೇಳುವ ಮುಂಚೆಯೇ ಹೊರಟನಲ್ಲ ಎಂದು ಪುರೋಹಿತರು ಮಂತ್ರ ನಿಲ್ಲಿಸಿದರು. ಆರತಿ ತಟ್ಟೆ ಹಿಡಿದ ಸುಗಂಧಿ ಕಾರಿನ ಮುಂದೆಯೇ ನಿಂತಿದ್ದಳು. "ಅಪ್ಪಯ್ಯ" ಎಂದು ಪ್ರೇಕ್ಷಾ ಕೂಗಿದ್ದಕ್ಕೆ ಬೆಚ್ಚಿ ಎದ್ದ ಪಾಂಡುರಂಗ ಬ್ರೇಕೆಂದು ತಿಳಿದು ಬಲವಾಗಿ ಒತ್ತಿದ. ಅದು ಬ್ರೇಕಾಗಿರಲಿಲ್ಲ. ಪ್ರೇಕ್ಷಾ ಅಮ್ಮನ ಸೆರಗು ಹಿಡಿದು ಬದಿಗೆ ಎಳೆದದ್ದೂ, ಕಾರು ಅಬ್ಬರಿಸಿ ಸುಗಂಧಿ ನಿಂತಿದ್ದ ಜಾಗವನ್ನು ದಾಟಿ ಕೌನ್ಸಿಲ್‌ನ ಕಸದ ಡಬ್ಬಿಗಳನ್ನು ಹಾರಿಸಿ ಪಕ್ಕದ ಮನೆಯ ಇಟ್ಟಿಗೆ ಗೋಡೆಗೆ ಗುದ್ದಿ ನಿಂತದ್ದೂ ಒಟ್ಟಿಗೇ ಆಯಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ಸುಗಂಧಿ ನೆಲದಲ್ಲಿ ಕೂತಿದ್ದಳು, ಅವಳ ಹಣೆಯ ಮೇಲೆಲ್ಲ ಆರತಿಯ ಕೆಂಪುನೀರು ಸಿಡಿದಿತ್ತು. ಅದನ್ನು ಕಂಡು ಪಾಂಡುರಂಗನ ಜೀವವೇ ಹಾರಿಹೋಯಿತು. ಪ್ರೇಕ್ಷಾ ಓಡಿಬಂದು ಕಿಟಕಿಯೊಳಗೆ ಕೈ ಹಾಕಿ ಎಂಜಿನ್ ನಿಲ್ಲಿಸಿದಳು. ಅಪ್ಪನ ಮುಖ ನೋಡಿದಳು. ಕೂಗುವ ಮುಂಚೆ ಅವಳು ಅವನನ್ನು ಕಿಟಕಿಯಿಂದ ನೋಡಿದ್ದಳು, ಕಣ್ಣು ಮುಚ್ಚಿ ಬಾಯಿ ತೆರೆದಿತ್ತು. ಅದು ಇಬ್ಬರಿಗೂ ಆ ಗಳಿಗೆಯಲ್ಲಿ ಗೊತ್ತಾಯಿತು.

"ಲೆಫ್ಟ್ ಹ್ಯಾಂಡ್ ಗಾಡಿ ಅಲ್ವಾ, ಅಭ್ಯಾಸ ಇರಲ್ಲ," ಎನ್ನುತ್ತ ಅಶ್ವತ್ಥನಾರಾಯಣರು ಹತ್ತಿರ ಬಂದರು. "ಪಾಂಡುರಂಗಣ್ಣ ಇಷ್ಟು ವರ್ಷದಲ್ಲಿ ನನ್ನ ವ್ಯಾನಿಗೆ ಒಂದು ಗೀರು ಬೀಳಿಸಿದವರಲ್ಲ. ಏನಾಯ್ತು?"

"ನಂದೇ ತಪ್ಪು ಅಂಕಲ್," ಎಂದಳು ಪ್ರೇಕ್ಷಾ. ಎಕ್ಸಿಲರೇಟರಿನ ಕೇಬಲ್ ತಾನು ಸರಿಯಾಗಿ ಕೂರಿಸಿರಲಿಲ್ಲ, ಅದು ಸಿಕ್ಕಿಹಾಕಿಕೊಂಡಿತು, ಅಪ್ಪಯ್ಯ ಏನೂ ಮಾಡಲು ಆಗುತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಬಡಬಡನೆ ಹೇಳಿದಳು.

ಅಶ್ವತ್ಥನಾರಾಯಣರ ಮುಖ ಗಂಭೀರವಾಯಿತು. "ನೋಡಮ್ಮ, ಬೇಜಾರು ಮಾಡ್ಕೋಬೇಡ. ಇದು ಹುಡುಗಾಟದ ಕೆಲಸ ಅಲ್ಲ. ಸ್ವಲ್ಪ ಕಲಿತಿದೀನಿ ಅಂತ ಎಲ್ಲ ಬಿಚ್ಚೋಕೆ ಹೋದ್ರೆ ಹೀಗೇ ಆಗೋದು. ನಿಮ್ಮಮ್ಮನ ಜೀವ ಹೋಗ್ತಿತ್ತು. ಸುಮ್ನೆ ಒಂದು ಸಣ್ಣ ಕಾರು ತಗೊಂಡಿದ್ರೆ ಆಗ್ತಿರ್ಲಿಲ್ವಾ?"

ಪುರೋಹಿತರು ಹೌದೆಂದು ತಲೆಯಾಡಿಸಿದರು. ಸುಗಂಧಿ, "ನಾನ್ ಆಗ್ಳೇ ಹೇಳಿದ್ದೆ," ಎಂದು ಅಳತೊಡಗಿದಳು. ಪ್ರೇಕ್ಷಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಇಡೀ ವರ್ಷ ಒಂದೊಂದು ಬೋಲ್ಟನ್ನೂ ಕೈಯಲ್ಲಿ ತಿರುಗಿಸಿ ನೋಡಿ ಕೂರಿಸಿದ ಹುಡುಗಿ, ತನ್ನ ಕೆಲಸ ಕೆಟ್ಟದ್ದು ಎಂದು ಬೀದಿಯ ಮುಂದೆ ಒಪ್ಪಿಕೊಂಡು ನಿಂತಿದ್ದಳು. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಮಗಳೇ ಉಳಿಸಿಕೊಟ್ಟಿದ್ದಾಳೆ. ಪಾಂಡುರಂಗ ಕಾರಿನಿಂದ ಇಳಿದು, ಬೀಳದ ಹಾಗೆ ಬಾಗಿಲು ಹಿಡಿದು ನಿಂತ.

"ಅವ್ಳದ್ ತಪ್ಪಲ್ಲ ಸರ್," ಎಂದ. "ಕಾರ್ ಸರಿ ಇತ್. ನಂಗೆ ನಿದ್ರಿ ಬಂತ್."

ಸುಗಂಧಿಯ ಅಳು ನಿಂತಿತು.

"ಇವತ್ತ್ ಮಾತ್ರ ಅಲ್ಲ. ವ್ಯಾನಂಗೂ ಬಂದಿತ್. ಹ್ಯಾಂಗರ್ ಲೇನಂಗೆ ಬಸ್ಸಿಗೆ ಗುದ್ದುಕೆ ಒಂಚೂರ್ ಬಾಕಿ. ನನ್ ಕೈಯಗ್ ಆತಿಲ್ಲೆ ಸರ್. ಸಾಕಾಯ್ತ್."

ಅಶ್ವತ್ಥನಾರಾಯಣರು ಮುರಿದ ಗೋಡೆಯ ಕಡೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಹಾಗಂತ ಇದನ್ನು ಕೇಳಿಸಿಕೊಂಡ ಮೇಲೆ ಕೇಳದವರ ಹಾಗೆ ಇರುವಂತೆಯೂ ಇರಲಿಲ್ಲ. "ವ್ಯಾನ್ ಕೀ ಕೊಟ್ಬಿಡಿ ಪಾಂಡುರಂಗಣ್ಣ," ಎಂದರು. "ನಾಳೆ ಬೇರೆ ಡ್ರೈವರ್‌ನ ಕಳಿಸ್ತೀನಿ. ಸ್ವಲ್ಪ ದಿನ ಮನೇಲಿರಿ. ಒಳಗಡೆ ಏನಾದ್ರೂ ಕೆಲಸ ಇದ್ಯಾ ನೋಡೋಣ." ನೋಡೋಣ ಎಂದರೆ ಏನೆಂದು ಪಾಂಡುರಂಗನಿಗೆ ಗೊತ್ತು. ಒಳಗೆ ಹೋಗಿ ಕೀ ತಂದು ಕೊಟ್ಟ. ಅವರು ಪ್ರಸಾದ ತೆಗೆದುಕೊಳ್ಳಲು ಮರೆತು ಹೊರಟುಹೋದರು.

ಸುಗಂಧಿ ಮುಖ ತೊಳೆದು ಬಂದು, ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳಿಗೆ ಫೋನ್ ಮಾಡಿ ಮಾರನೆಯ ದಿನದ ಸವಾರಿಗೆ ವ್ಯವಸ್ಥೆ ಮಾಡಿಕೊಂಡಳು. ಗಂಡನನ್ನು ಬೈಯಲಿಲ್ಲ. ಒಂದು ಲೋಟ ಚಹಾ ತಂದು ಅವನ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಅವನ ಪಕ್ಕದಲ್ಲೇ ನಿಂತು ಒಳಗೆ ಹೋದಳು. ಸಂಜೆಯ ಬಿಸಿಲಿನಲ್ಲಿ ಅಪ್ಪ ಮಗಳು ಬೀದಿಯಲ್ಲಿ ಬಿದ್ದಿದ್ದ ಇಟ್ಟಿಗೆಗಳನ್ನು ಆಯ್ದು ಒಂದು ಬದಿಗೆ ಪೇರಿಸತೊಡಗಿದರು. ಪ್ರೇಕ್ಷಾ ತನ್ನ ಕಾರಿನ ನೆಗ್ಗಿದ ಮೂತಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಕೈಯಲ್ಲಿದ್ದ ಇಟ್ಟಿಗೆಯನ್ನು ಹಿಡಿದುಕೊಂಡೇ ಕೇಳಿದಳು.

"ಯಾಕೆ ಹೇಳ್ಲಿಲ್ಲ ಅಪ್ಪಯ್ಯ? ಅವತ್ತು ಶೆಡ್ಡಲ್ಲಿ ಹೇಳ್ಬಹುದಿತ್ತಲ್ಲ. ಒಂದು ಮಾತು ಹೇಳಿದ್ರೆ ಇದನ್ನ ಅಲ್ಲೇ ಬಿಟ್ಟು ಆ ಮೈಕ್ರಾ ತಗೊಳ್ತಿದ್ದೆ."

ಪಾಂಡುರಂಗ ಇಟ್ಟಿಗೆಯ ರಾಶಿಯ ಮೇಲೆ ಕೂತ.

"ನೀನ್ ತಕಂತಿದ್ದೆ ಅಂದೇಳಿ ಗೊತ್ತಿತ್ ಮಗಾ," ಎಂದ. "ಅದ್ಕೇ ಹೇಳ್ಲಿಲ್ಲ."